ಸಾಂತ್‌ಮಾರಿ ಮತ್ತು ಪಾರ್ದೊನ್: ಕರಾವಳಿಯ ಕ್ರೈಸ್ತ ಯಾತ್ರೆಗಳ ಬೇರು ಯಾವ ನೆಲದ್ದು?

ಕಾರ್ಕಳ ತಾಲ್ಲೂಕಿನ ಅತ್ತೂರಿನಲ್ಲಿರುವ ಸಂತ ಲಾರೆನ್ಸರ ಬೆಸಿಲಿಕಾ ಕರ್ನಾಟಕದ ಕರಾವಳಿ ಜಿಲ್ಲೆಗಳ ಕ್ರೈಸ್ತ ಯಾತ್ರಾಸ್ಥಳಗಳಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದು. ಜನವರಿಯ ಕೊನೆಯ ವಾರದಲ್ಲಿ ಅಲ್ಲಿ ಹಲವು ದಿನಗಳ ವಾರ್ಷಿಕ ಮಹೋತ್ಸವ ನಡೆಯುತ್ತದೆ. ಸುತ್ತಲಿನ ಊರಿನವರ ಬಾಯಲ್ಲಿ ಅದು ಅತ್ತೂರು ಸಾಂತ್‌ಮಾರಿ. ಬೆಳಗಿನಿಂದ ರಾತ್ರಿಯವರೆಗೆ ಒಂದರ ಹಿಂದೊಂದು ಬಲಿಪೂಜೆ ನಡೆಯುತ್ತದೆ. ಹರಕೆ ಹೊತ್ತವರು ಮೇಣದ ಬತ್ತಿಗಳನ್ನು ಒಪ್ಪಿಸುತ್ತಾರೆ, ಗುಡ್ಡದ ಬುಡದ ಪುಷ್ಕರಿಣಿಯ ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡು ಬಾಟಲಿಯಲ್ಲಿ ಮನೆಗೂ ಒಯ್ಯುತ್ತಾರೆ. ಹೊರಗೆ ಬಳೆ, ಮಿಠಾಯಿ, ಚರುಮುರಿ, ಆಟದ ಸಾಮಾನುಗಳ ಸಾಲು ಸಾಲು ಅಂಗಡಿ. ಬರುವವರಲ್ಲಿ ಕ್ರೈಸ್ತರಷ್ಟೇ ಅಲ್ಲ, ಹಿಂದೂಗಳೂ ಮುಸ್ಲಿಮರೂ ಜೈನರೂ ಇರುತ್ತಾರೆ.

ಇಂಥ ಜಾತ್ರೆಯ ಬಗ್ಗೆ ಬರೆದವರು ಸಾಮಾನ್ಯವಾಗಿ ಕೊಡುವ ವಿವರಣೆ ಒಂದೇ. ಹರಕೆ, ತೀರ್ಥ, ಪ್ರದಕ್ಷಿಣೆ, ದೀಪ, ಸಂತೆ, ಇವೆಲ್ಲ ದೇವಸ್ಥಾನದ ರೂಢಿಗಳು. ಮತಾಂತರಗೊಂಡವರು ಅವನ್ನು ತಮ್ಮ ಜೊತೆಗೆ ಚರ್ಚಿನ ಅಂಗಳಕ್ಕೆ ತಂದರು ಎಂಬುದು ಆ ವಿವರಣೆ. ಅದರಲ್ಲಿ ಸತ್ಯ ಇದೆಯೇ, ಇದ್ದರೆ ಯಾವ ಭಾಗದಲ್ಲಿ ಎಂಬುದನ್ನು ಪರೀಕ್ಷಿಸಬೇಕಾದರೆ ದೇವಸ್ಥಾನದ ಪ್ರಭಾವವೇ ಇಲ್ಲದ ಒಂದು ಕ್ರೈಸ್ತ ಕರಾವಳಿಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಫ್ರಾನ್ಸಿನ ವಾಯವ್ಯ ಮೂಲೆಯಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಚಾಚಿಕೊಂಡಿರುವ ಬ್ರಿಟನಿ ಅಂಥ ಒಂದು ನೆಲ. ಅಲ್ಲಿನ ಊರೂರಿನ ಪುಟ್ಟ ಪ್ರಾರ್ಥನಾಲಯಗಳಲ್ಲಿ ಸಂತರ ಹೆಸರಿನಲ್ಲಿ ನಡೆಯುವ ವಾರ್ಷಿಕ ಹಬ್ಬವನ್ನು ಪಾರ್ದೊನ್ ಎನ್ನುತ್ತಾರೆ. ಪಾಪಗಳಿಗೆ ವಿಧಿಸಿದ ಶಿಕ್ಷೆಯಿಂದ ವಿನಾಯಿತಿ ಪಡೆಯಲು ಜನ ಆ ದಿನ ಸೇರುತ್ತಿದ್ದುದರಿಂದ ಅದಕ್ಕೆ ಆ ಹೆಸರು. ಕಸೂತಿ ಹಾಕಿದ ಪತಾಕೆಗಳ ಮೆರವಣಿಗೆ, ಊರಿನ ಸಾಂಪ್ರದಾಯಿಕ ಉಡುಗೆ, ಪವಿತ್ರ ಚಿಲುಮೆಯ ನೀರು, ಸಂಜೆಗೆ ಕುಸ್ತಿ, ಕುಣಿತ, ಸಂತೆ ಎಲ್ಲವೂ ಅದರಲ್ಲಿ ಸೇರಿವೆ. ಬ್ರೆಟನ್ ಲೇಖಕ ಅನಾತೋಲ್ ಲ ಬ್ರಾಸ್ 1894ರಲ್ಲಿ ಈ ಪಾರ್ದೊನ್‌ಗಳ ಕುರಿತು ಒಂದು ಪುಸ್ತಕವನ್ನೇ ಬರೆದ.

ಅತ್ತೂರಿನ ಸ್ಥಳಕಥೆಯಿಂದ ಹೋಲಿಕೆಯನ್ನು ತೊಡಗಬಹುದು. ಇಲ್ಲಿನ ಧರ್ಮಕೇಂದ್ರ ಶುರುವಾದದ್ದು 1759ರಲ್ಲಿ. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಆ ಮೊದಲ ಚರ್ಚು ನೆಲಸಮವಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕುಳಿದವರು ಊರಿಗೆ ಮರಳಿದರು. ಗೋವಾದ ಪಾದ್ರಿಯೊಬ್ಬರ ಜೊತೆಗೆ, ಸುಮಾರು ಒಂದು ಅಡಿ ಎತ್ತರದ ಸಂತ ಲಾರೆನ್ಸರ ಮರದ ಪ್ರತಿಮೆಯನ್ನು ಹೊತ್ತುಕೊಂಡು, ಹೊಸ ಚರ್ಚಿಗೆ ತಕ್ಕ ಜಾಗ ಹುಡುಕುತ್ತ ಅವರು ಕಾಡುಗುಡ್ಡಗಳಲ್ಲಿ ಅಲೆದರಂತೆ. ಪರ್ಪಲೆ ಗುಡ್ಡದ ಬುಡದಲ್ಲಿ ನೀರಿನ ಒರತೆ ಕಂಡು, ಪ್ರತಿಮೆಯನ್ನು ನೆಲಕ್ಕಿಟ್ಟು ದಣಿವಾರಿಸಿಕೊಂಡರು. ಹೊರಡುವಾಗ ಎತ್ತಲು ಹೋದರೆ ಪ್ರತಿಮೆ ಕದಲಲಿಲ್ಲ. ಸಂತನಿಗೆ ಬೇಕಾದ ಜಾಗ ಇದೇ ಎಂದು ಒಪ್ಪಿ, ಇಲ್ಲೇ ಚರ್ಚು ಕಟ್ಟುತ್ತೇವೆ ಎಂದು ಮಾತು ಕೊಟ್ಟರು. 1801ರಲ್ಲಿ ಅಲ್ಲಿ ಚರ್ಚು ಎದ್ದಿತು. ಆ ಒರತೆಯೇ ಇಂದಿನ ಪುಷ್ಕರಿಣಿ.

ಹೊತ್ತು ತಂದ ವಿಗ್ರಹ ನೆಲ ಬಿಟ್ಟು ಏಳದಿರುವ ಕಥೆ ಕನ್ನಡನಾಡಿನ ಓದುಗರಿಗೆ ಚಿರಪರಿಚಿತ. ಗೋಕರ್ಣದ ಆತ್ಮಲಿಂಗದ ಕಥೆಯ ಜೀವಾಳವೇ ಅದು. ಹಾಗಾಗಿ ಅತ್ತೂರಿನ ಕಥೆ ಇಲ್ಲಿನ ಸ್ಥಳಪುರಾಣಗಳ ಎರಕದಲ್ಲಿ ಮೂಡಿದ್ದು ಎಂದು ಹೇಳಿಬಿಡುವುದು ಸುಲಭ. ಆದರೆ ಬ್ರಿಟನಿಯ ಲೊಕ್ರೊನಾನ್ ಊರಿನ ಕಥೆಯನ್ನು ಕೇಳಬೇಕು. ಐರ್ಲೆಂಡಿನಿಂದ ಬಂದ ತಪಸ್ವಿ ಸಂತ ರೊನಾನ್ ತೀರಿಕೊಂಡಾಗ, ದೇಹವನ್ನು ಎಲ್ಲಿ ಹೂಳಬೇಕು ಎಂಬ ಪ್ರಶ್ನೆ ಎದ್ದಿತು. ದೇಹವನ್ನು ಎತ್ತಿನ ಗಾಡಿಯಲ್ಲಿಟ್ಟು ಎತ್ತುಗಳನ್ನು ಅವುಗಳ ಪಾಡಿಗೆ ಬಿಟ್ಟರು. ಅವು ಹೋಗಿ ನಿಂತ ಜಾಗದಲ್ಲಿ ಸಮಾಧಿಯಾಯಿತು, ಊರು ಬೆಳೆಯಿತು. ಬ್ರಿಟನಿಯ ಅತಿ ದೊಡ್ಡ ಯಾತ್ರಾಸ್ಥಳವಾದ ಓರೇ ಊರಿನ ಸಂತ ಅನ್ನಮ್ಮನ ಕ್ಷೇತ್ರದಲ್ಲೂ ಎತ್ತುಗಳಿವೆ. ಹದಿನೇಳನೆಯ ಶತಮಾನದಲ್ಲಿ ಅಲ್ಲಿನ ಬೊಸೆನೊ ಎಂಬ ಹೊಲದ ಒಂದು ಜಾಗದಲ್ಲಿ ನೇಗಿಲು ಹೂಡಿದ ಎತ್ತುಗಳು ಮುಂದೆ ಹೆಜ್ಜೆಯಿಡುತ್ತಿರಲಿಲ್ಲ ಎಂದು ಪ್ರತೀತಿ. ಇವ್ ನಿಕೊಲಾಜಿಕ್ ಎಂಬ ರೈತನಿಗೆ ಸಂತ ಅನ್ನಮ್ಮ ಕಾಣಿಸಿಕೊಂಡು, ಹಿಂದೆ ಅಲ್ಲಿ ತನ್ನ ಗುಡಿ ಇತ್ತು, ಅದನ್ನು ಮತ್ತೆ ಕಟ್ಟಬೇಕು ಎಂದಳು. 1625ರ ಮಾರ್ಚ್ 7ರಂದು ಆ ಹೊಲದಲ್ಲಿ ಹಳೆಯ ಪ್ರತಿಮೆಯೊಂದು ಸಿಕ್ಕಿತು. ಅದೇ ವರ್ಷದ ಜುಲೈ 26ರಂದು ಮೊದಲ ಬಲಿಪೂಜೆ ನಡೆಯಿತು. ಈಗಲೂ ಅಲ್ಲಿನ ಮಹಾ ಪಾರ್ದೊನ್ ನಡೆಯುವುದು ಅದೇ ದಿನ.

ಗೋಕರ್ಣದ ಹೆಸರನ್ನೇ ಕೇಳಿರದ ರೈತರು ಈ ಕಥೆಗಳನ್ನು ಹೇಳಿಕೊಂಡು ಬಂದಿದ್ದಾರೆ. ಪ್ರದಕ್ಷಿಣೆಯ ಮಾತೂ ಹಾಗೆಯೇ. ಲೊಕ್ರೊನಾನ್‌ನಲ್ಲಿ ಆರು ವರ್ಷಕ್ಕೊಮ್ಮೆ ಮಹಾ ತ್ರೊಮೆನಿ ಎಂಬ ಯಾತ್ರೆ ನಡೆಯುತ್ತದೆ. ಹೊಲ, ಕಾಡು, ಗುಡ್ಡಗಳ ನಡುವೆ 12 ಕಿಲೋಮೀಟರಿನ ಒಂದು ಸುತ್ತು, ದಾರಿಯಲ್ಲಿ 12 ನಿಲುಗಡೆ. ಸಂತ ರೊನಾನ್ ಉಪವಾಸವಿದ್ದು ಸುತ್ತುತ್ತಿದ್ದ ಎಲ್ಲೆಯ ಮೇಲೆಯೇ ತಾವೂ ನಡೆಯುತ್ತಿದ್ದೇವೆ ಎಂಬುದು ಭಕ್ತರ ನಂಬಿಕೆ. ಸಣ್ಣಪುಟ್ಟ ಪ್ರಾರ್ಥನಾಲಯಗಳಲ್ಲಿ ಹರಕೆ ಹೊತ್ತವರು ಬರಿಗಾಲಲ್ಲೋ ಮೊಣಕಾಲೂರಿಯೋ ಗೋಡೆಯ ಸುತ್ತ ಬರುವುದಿತ್ತು. ಸಮುದ್ರದಂಡೆಯ ಮರಳುದಿಬ್ಬದ ಪಕ್ಕದಲ್ಲಿ ನಿಂತಿರುವ ಲಾ ಪಾಲ್ಯುವಿನ ಸಂತ ಅನ್ನಮ್ಮನ ಗುಡಿಯಲ್ಲಿ 1548ರ ಇಸವಿ ಕೆತ್ತಿದ ಕಲ್ಲಿನ ಪ್ರತಿಮೆಯೂ ಪವಿತ್ರ ಚಿಲುಮೆಯೂ ಇವೆ. ಆಗಸ್ಟಿನ ಕೊನೆಯ ಭಾನುವಾರ ಅಲ್ಲಿ ಪಾರ್ದೊನ್.

ನೀರು, ಸುತ್ತು, ಬೆಳಕು, ಹರಕೆ, ಕದಲದ ಪ್ರತಿಮೆ ಇವಿಷ್ಟನ್ನು ದೇವಸ್ಥಾನದಿಂದ ಬಂದ ಸಾಲ ಎಂದು ಲೆಕ್ಕ ಹಾಕುವುದು ಹಾಗಾಗಿ ತಪ್ಪು. ಪೋರ್ಚುಗಲ್ಲಿನ ಫ್ರಾನ್ಸಿಸ್ಕನ್ ಪಾದ್ರಿಗಳು ಗೋವಾಕ್ಕೆ ಬರುವಾಗ ಇಂಥದೇ ಯುರೋಪಿನ ಹಳ್ಳಿಯ ಭಕ್ತಿಯನ್ನು ಗಂಟು ಕಟ್ಟಿಕೊಂಡೇ ಬಂದಿದ್ದರು. ಇಲ್ಲಿನವರಿಗೆ ಅದು ಹೊಸದಾಗಿ ಕಾಣಲಿಲ್ಲ ಅಷ್ಟೇ. ಎರಡು ಕಡೆಯ ಹಳ್ಳಿಗರ ಭಕ್ತಿ ಒಂದನ್ನೊಂದು ಗುರುತು ಹಿಡಿಯಿತು ಎಂದರೆ ಹೆಚ್ಚು ಸರಿಯಾದೀತು. ಹಾಗಾದರೆ ಕರಾವಳಿಯ ಕ್ರೈಸ್ತ ಯಾತ್ರೆಗಳಲ್ಲಿ ನಿಜಕ್ಕೂ ಈ ನೆಲದ್ದು ಯಾವುದು? ಅದನ್ನು ತಿಳಿಯಲು ಈ ಜನ ಇಲ್ಲಿಗೆ ಬಂದು ನೆಲೆನಿಂತ ಬಗೆಯನ್ನು ನೋಡಬೇಕು.

ಪೋರ್ಚುಗೀಸರ ಹಡಗುಗಳ ಜೊತೆಗೆ ಬಂದ ಫ್ರಾನ್ಸಿಸ್ಕನ್ನರು 1526ರ ಹೊತ್ತಿಗೆ ಮಂಗಳೂರಿನ ಸುತ್ತ ಕೆಲಸ ತೊಡಗಿದ್ದರು. ನೇತ್ರಾವತಿಯ ದಂಡೆಯ ಫರಂಗಿಪೇಟೆಯಲ್ಲಿರುವ ಮೊಂತೆ ಮರಿಯಾನೊ ಚರ್ಚಿನ ಹುಟ್ಟನ್ನು ಆ ವರ್ಷಕ್ಕೆ ಸೇರಿಸುತ್ತಾರೆ. ಮಂಗಳೂರಿನ ರೊಸಾರಿಯೊ ಚರ್ಚು 1568ರದ್ದು. ಆದರೆ ಕರಾವಳಿಯ ಕ್ರೈಸ್ತ ಸಮುದಾಯದ ಬಹುಪಾಲು ಬೆಳೆದದ್ದು ಇಲ್ಲಿನ ಮತಾಂತರದಿಂದಲ್ಲ, ಗೋವಾದಿಂದ ಬಂದ ವಲಸೆಯಿಂದ. 1560ರಲ್ಲಿ ಗೋವಾದಲ್ಲಿ ಸ್ಥಾಪನೆಯಾದ ಇನ್‌ಕ್ವಿಸಿಷನ್ ನ್ಯಾಯಸ್ಥಾನದ ಕಾಟ, ಬಿಜಾಪುರದ ಆದಿಲ್‌ಶಾಹಿಗಳ ಜೊತೆಗಿನ ಯುದ್ಧಗಳು, ಬರ, ಮುಂದೆ 1683 ಮತ್ತು 1739ರ ಸುಮಾರಿನ ಮರಾಠರ ದಾಳಿ, ಇವುಗಳಿಂದ ತತ್ತರಿಸಿದ ಕೊಂಕಣಿ ಕ್ರೈಸ್ತ ಕುಟುಂಬಗಳು ಅಲೆಯಲೆಯಾಗಿ ದಕ್ಷಿಣಕ್ಕೆ ಸರಿದವು. ಕೆಳದಿಯ ಅರಸರಿಗೆ ಗದ್ದೆ ಮಾಡುವ ಕೈಗಳು ಬೇಕಿದ್ದವು. ಕರಾವಳಿಯ ಬಂದರುಗಳಿಂದ ಅಕ್ಕಿ ಹೊರಗೆ ಹೋಗುತ್ತಿದ್ದ ಕಾಲ ಅದು. 1678ರಲ್ಲಿ ಕೆಳದಿಗೂ ಪೋರ್ಚುಗೀಸರಿಗೂ ಆದ ಒಪ್ಪಂದ ಹೊನ್ನಾವರ, ಚಂದಾವರ, ಕಲ್ಯಾಣಪುರ ಮೊದಲಾದ ಕಡೆ ಚರ್ಚು ಕಟ್ಟಲು ಅವಕಾಶ ಕೊಟ್ಟಿತು. ಮಂಗಳೂರಿನ ಮಿಲಾಗ್ರಿಸ್ ಚರ್ಚನ್ನು 1680ರಲ್ಲಿ ಬಿಷಪ್ ಥಾಮಸ್ ಡಿ ಕ್ಯಾಸ್ಟ್ರೊ ಕಟ್ಟಿಸಿದ್ದು ಕೆಳದಿಯ ರಾಣಿ ಚೆನ್ನಮ್ಮ ಕೊಟ್ಟ ಜಾಗದಲ್ಲಿ. ವೀರಶೈವ ರಾಣಿಯೊಬ್ಬಳ ದಾನದ ನೆಲದಲ್ಲಿ ಮರಿಯಮ್ಮನವರ ಚರ್ಚು ಎದ್ದ ಸಂಗತಿಗೆ ಶಾಲೆಯ ಪಾಠಗಳಲ್ಲಿ ಈಗ ಸಿಗುತ್ತಿರುವುದಕ್ಕಿಂತ ದೊಡ್ಡ ಜಾಗ ಸಿಗಬೇಕು.

ಈ ಹಿನ್ನೆಲೆಯಿಂದಲೇ ಬ್ರಿಟನಿಗೂ ಇಲ್ಲಿಗೂ ಇರುವ ಮೊದಲ ದೊಡ್ಡ ವ್ಯತ್ಯಾಸ ಹುಟ್ಟುತ್ತದೆ. ಬ್ರಿಟನಿಯ ಕರಾವಳಿ ಗುಡಿಗಳು ಕಡಲಿಗೆ ಹೋಗುವವರ ಗುಡಿಗಳು. ಕಾಮಾರೆ ಬಂದರಿನಲ್ಲಿ ಸಮುದ್ರದೊಳಕ್ಕೆ ಚಾಚಿದ ಕಲ್ಲುಹರಳಿನ ದಂಡೆಯ ಮೇಲೆ ರೊಕಾಮಾದೂರ್ ಮಾತೆಯ ಪ್ರಾರ್ಥನಾಲಯವಿದೆ. ಅದರ ಛಾವಣಿಯಿಂದ ಪುಟ್ಟ ಪುಟ್ಟ ಹಡಗುಗಳ ಮಾದರಿಗಳು ತೂಗುತ್ತವೆ. ಬಿರುಗಾಳಿಯಲ್ಲಿ ಸಿಕ್ಕಿ ಬದುಕಿ ಬಂದ ನಾವಿಕರ ಹರಕೆ ಅವು. 1694ರಲ್ಲಿ ಇಂಗ್ಲಿಷರು ಮತ್ತು ಡಚ್ಚರು ಅಲ್ಲಿ ದಂಡಿಳಿಸಲು ಬಂದಾಗ ಫಿರಂಗಿಯ ಗುಂಡೊಂದು ಗೋಪುರದ ತುದಿಯನ್ನು ಹಾರಿಸಿತು ಎನ್ನುತ್ತಾರೆ; ಆ ಗೋಪುರ ಇವತ್ತಿಗೂ ಮೊಂಡಾಗಿಯೇ ಇದೆ. 1910ರ ಬೆಂಕಿಯಲ್ಲಿ ಗುಡಿ ಸುಟ್ಟು, ಮತ್ತೆ ಕಟ್ಟಲಾಯಿತು. ಸೆಪ್ಟೆಂಬರಿನ ಮೊದಲ ಭಾನುವಾರದ ಪಾರ್ದೊನ್‌ನಲ್ಲಿ ಕಡಲನ್ನು ಆಶೀರ್ವದಿಸುವ ವಿಧಿ ನಡೆಯುತ್ತದೆ, ನೀರುಪಾಲಾದವರನ್ನು ನೆನೆಯುತ್ತಾರೆ.

ದಕ್ಷಿಣ ಕನ್ನಡ ಮತ್ತು ಉಡುಪಿಯ ಹೆಸರಾಂತ ಕ್ರೈಸ್ತ ಯಾತ್ರಾಸ್ಥಳಗಳಲ್ಲಿ ಇಂಥ ಹಡಗುಗಳು ಮುಖ್ಯವಾಗಲಿಲ್ಲ. ಗೋವಾದಿಂದ ಬಂದವರಲ್ಲಿ ಹೆಚ್ಚಿನವರು ಒಕ್ಕಲುಗಳು. ಅವರ ಬದುಕು ಗದ್ದೆಯ ಬದಿಯಲ್ಲಿ, ತೋಟದ ನಡುವೆ ಕಳೆಯಿತು. ಈ ಕರಾವಳಿಯ ಕಡಲು ಮೊಗವೀರರದ್ದು, ಖಾರ್ವಿಗಳದ್ದು, ಬ್ಯಾರಿ ವರ್ತಕರದ್ದು. ಕಾಮಾರೆಯ ನಾವಿಕನ ಹರಕೆಗೆ ಇಲ್ಲಿ ಸಾಟಿ ಹುಡುಕಬೇಕಾದರೆ ಚರ್ಚಿಗಲ್ಲ, ನೂಲ ಹುಣ್ಣಿಮೆಯ ದಿನ ಮೊಗವೀರರು ಹಾಲು, ತೆಂಗಿನಕಾಯಿ ಅರ್ಪಿಸಿ ಮಾಡುವ ಸಮುದ್ರ ಪೂಜೆಗೆ ಹೋಗಬೇಕು. ಮುಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನಕ್ಕೆ ಹೋದರೂ ಆದೀತು. ಬಪ್ಪ ಬ್ಯಾರಿ ಎಂಬ ಮುಸ್ಲಿಂ ವರ್ತಕನ ದೋಣಿ ಶಾಂಭವಿ ಹೊಳೆಯಲ್ಲಿ ನಿಂತುಹೋದದ್ದೇ ಆ ದೇವಸ್ಥಾನದ ಹುಟ್ಟಿಗೆ ಕಾರಣ ಎಂಬ ಕಥೆ ಅಲ್ಲಿದೆ. ಕಾಮಾರೆಯ ಚಿತ್ರವನ್ನು ಯಥಾವತ್ತಾಗಿ ನೆನಪಿಸುವ ಕ್ರೈಸ್ತ ಕ್ಷೇತ್ರ ಇರುವುದು ಬಂಗಾಳ ಕೊಲ್ಲಿಯ ದಂಡೆಯಲ್ಲಿ, ತಮಿಳುನಾಡಿನ ವೇಳಾಂಕಣ್ಣಿಯಲ್ಲಿ. ಬಿರುಗಾಳಿಯಿಂದ ಪಾರಾಗಿ ದಡ ಸೇರಿದ ಪೋರ್ಚುಗೀಸ್ ನಾವಿಕರು ಕೃತಜ್ಞತೆಯಿಂದ ಆ ಗುಡಿಯನ್ನು ಬೆಳೆಸಿದರು ಎಂಬುದು ಅಲ್ಲಿನ ನಂಬಿಕೆ.

ಒಕ್ಕಲುತನದ ಗುರುತು ಎದ್ದು ಕಾಣುವುದು ಸೆಪ್ಟೆಂಬರ್ 8ರಂದು. ಮರಿಯಮ್ಮನವರು ಹುಟ್ಟಿದ ದಿನವೆಂದು ಜಗತ್ತಿನ ಕಥೋಲಿಕರೆಲ್ಲ ಆಚರಿಸುವ ಈ ದಿನ ಮಂಗಳೂರು, ಉಡುಪಿ, ಕಾಸರಗೋಡಿನ ಕೊಂಕಣಿ ಕ್ರೈಸ್ತರಿಗೆ ಮೊಂತಿ ಫೆಸ್ತ್. ಕನ್ನಡ ಪತ್ರಿಕೆಗಳ ಭಾಷೆಯಲ್ಲಿ ತೆನೆ ಹಬ್ಬ. ಫರಂಗಿಪೇಟೆಯ ಮೊಂತೆ ಮರಿಯಾನೊದಿಂದಲೇ ಮೊಂತಿ ಎಂಬ ಹೆಸರು ಬಂದಿದೆ. ಅಲ್ಲಿನ ಪಾದ್ರಿ ಜೊವಾಕಿಂ ಮಿರಾಂದಾ 1763ರಲ್ಲಿ ಈ ಹಬ್ಬವನ್ನು ಶುರುಮಾಡಿದರು ಎಂದು ಪರಂಪರೆ ಹೇಳುತ್ತದೆ. ಒಂಬತ್ತು ದಿನ ಮಕ್ಕಳು ಹೂ ತಂದು ಬಾಲ ಮರಿಯಮ್ಮನವರ ಪ್ರತಿಮೆಯ ಮುಂದೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಧರ್ಮಗುರು ಆಶೀರ್ವದಿಸುತ್ತಾರೆ. ಮೆರವಣಿಗೆಯಲ್ಲಿ ತೆನೆ ಚರ್ಚಿನೊಳಕ್ಕೆ ಹೋಗುತ್ತದೆ, ಅಲ್ಲಿಂದ ಮನೆಮನೆಗೆ ಹಂಚಿಕೆಯಾಗುತ್ತದೆ. ಮನೆಯ ಹಿರಿಯರು ಅದನ್ನು ದೇವರ ಪೀಠದಲ್ಲಿಟ್ಟು ಪ್ರಾರ್ಥಿಸಿ, ಹೊಸ ಅಕ್ಕಿಯನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಬಡಿಸುತ್ತಾರೆ. ಆ ದಿನ ಮಾಂಸ, ಮೀನು ಇಲ್ಲ. ಬಾಳೆ ಎಲೆಯ ಮೇಲೆ ಬೆಸ ಸಂಖ್ಯೆಯ ತರಕಾರಿ ಪದಾರ್ಥಗಳ ಊಟ. ದೂರದ ಊರಿಗೆ ಹೋದವರಿಗೆ ಒಣಗಿದ ತೆನೆಯ ಕಾಳುಗಳನ್ನು ಲಕೋಟೆಯಲ್ಲಿಟ್ಟು ಕಳಿಸುವ ರೂಢಿಯೂ ಇದೆ.

ತುಳುವರ ಕುರಲ್ ಪರ್ಬ, ಹೊಸ ಅಕ್ಕಿಯ ಊಟದ ಪುದ್ವಾರ್, ಮನೆಯ ಕಂಬಕ್ಕೂ ನೇಗಿಲಿಗೂ ಕದಿರು ಕಟ್ಟುವ ಆಚರಣೆ, ಇವುಗಳ ಜೊತೆ ಇದರ ನೆಂಟಸ್ತಿಕೆ ಕಣ್ಣಿಗೆ ಹೊಡೆದು ಕಾಣುತ್ತದೆ. ಇಲ್ಲಿಯೂ ಒಂದು ಎಚ್ಚರ ಬೇಕು. ಹೊಸ ತೆನೆಯನ್ನು ಚರ್ಚಿಗೆ ಒಯ್ಯುವ ಪದ್ಧತಿ ಗೋವಾದಲ್ಲೂ ಇದೆ. ಸಾಲಸೆಟ್ ಪ್ರದೇಶದ ರಾಯ್ ಎಂಬ ಊರಿನಲ್ಲಿ ಆಗಸ್ಟ್ 5ರಂದು, ತಾಳೆಗಾಂವ್‌ನಲ್ಲಿ ಅದೇ ತಿಂಗಳ 21ರಂದು ತೆನೆ ಹಬ್ಬ ನಡೆಯುತ್ತದೆ. ವಲಸೆ ಬಂದವರು ಬರಿಗೈಯಲ್ಲಿ ಬರಲಿಲ್ಲ. ಹೊಸ ಬೆಳೆಯನ್ನು ಮೊದಲು ದೇವರಿಗೆ ಕೊಡುವ ಕೊಂಕಣದ ವಾಡಿಕೆ ಅವರ ಜೊತೆಗಿತ್ತು. ಗೋವಾದ ಇನ್‌ಕ್ವಿಸಿಷನ್ 1736ರ ಆಜ್ಞೆಯಲ್ಲಿ ಹಿಂದೂ ಮೂಲದ ಹತ್ತಾರು ಪದ್ಧತಿಗಳನ್ನು ಕ್ರೈಸ್ತರಿಗೆ ನಿಷೇಧಿಸಿತ್ತು. ಗಡಿ ದಾಟಿ ಕೆಳದಿಯ ಸೀಮೆಗೆ ಬಂದವರ ಮೇಲೆ ಆ ನ್ಯಾಯಸ್ಥಾನದ ಕೈ ಅಷ್ಟು ಬಲವಾಗಿ ಬೀಳುವಂತಿರಲಿಲ್ಲ. ಗೋವಾದಿಂದ ಹೊತ್ತು ತಂದ ವಾಡಿಕೆ ತುಳುನಾಡಿನ ಗದ್ದೆಯಲ್ಲಿ ಅದೇ ಬಗೆಯ ಮತ್ತೊಂದು ವಾಡಿಕೆಯ ಪಕ್ಕದಲ್ಲಿ ನೆಲೆಯಾಯಿತು. ಆದ್ದರಿಂದ ಮೊಂತಿ ಹಬ್ಬದಲ್ಲಿ ಯಾವುದು ಎಲ್ಲಿಂದ ಬಂತೆಂದು ಎಳೆ ಎಳೆಯಾಗಿ ಬಿಡಿಸಲು ಆಗುವುದಿಲ್ಲ. ದಿನ ಕೂಡಿಬಂದ ಬಗೆಯನ್ನಂತೂ ಖಚಿತವಾಗಿ ಹೇಳಬಹುದು. ಮುಂಗಾರಿನಲ್ಲಿ ನೆಟ್ಟ ಏಣೆಲು ಬೆಳೆಯ ಮೊದಲ ತೆನೆ ಕಾಳು ಕಟ್ಟುವುದು ಸೆಪ್ಟೆಂಬರಿನ ಮೊದಲ ವಾರಗಳಲ್ಲಿ. ರೋಮಿನ ಪಂಚಾಂಗದ ದಿನವೂ ಗದ್ದೆಯ ದಿನವೂ ಒಂದೇ ಕಡೆ ಬಿದ್ದವು.

ಇದನ್ನು ಎದುರು ದಿಕ್ಕಿನಿಂದ ಖಚಿತಪಡಿಸುವ ಸಾಕ್ಷಿ ಬಯಲುಸೀಮೆಯಲ್ಲಿದೆ. ಬೆಂಗಳೂರು ಗ್ರಾಮಾಂತರದ ಹೊಸಕೋಟೆ, ನಂದಗುಡಿ ಕಡೆಯ ಹೊಲಗಳಲ್ಲಿ ಸೆಪ್ಟೆಂಬರ್ 8ರಂದು ರಾಗಿ ಇನ್ನೂ ಹಸಿರು ಪೈರು. ಅದರ ಕೊಯ್ಲು ಕಾರ್ತಿಕ, ಮಾರ್ಗಶಿರದ ಹೊತ್ತಿಗೆ, ಕಣದ ಪೂಜೆ ಆಮೇಲೆ. ಆ ದಿನಕ್ಕೆ ಆಶೀರ್ವಾದ ಮಾಡಿಸಲು ಹೊಸ ತೆನೆಯೇ ಇಲ್ಲ. ಹಾಗಾಗಿ ಈ ಸೀಮೆಗೆ ಹತ್ತಿರವಾದ ಬೆಂಗಳೂರು ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದಲ್ಲಿ ಅದೇ ಮರಿಯಮ್ಮನವರ ಅದೇ ಜನ್ಮದಿನ ಬೇರೆಯೇ ರೂಪ ತಾಳಿದೆ. ಆಗಸ್ಟ್ 29ರಂದು ಬಾವುಟ ಏರುತ್ತದೆ, ಒಂಬತ್ತು ದಿನ ಪ್ರಾರ್ಥನೆ ನಡೆಯುತ್ತದೆ, ಸೆಪ್ಟೆಂಬರ್ 8ರ ಸಂಜೆ ಅಲಂಕರಿಸಿದ ತೇರು ಬೀದಿಗೆ ಬರುತ್ತದೆ. ಕಾವಿ ಬಟ್ಟೆ ಉಟ್ಟು ವ್ರತ ಹಿಡಿದವರು ದೂರದೂರದಿಂದ ಬರುತ್ತಾರೆ. ವೇಳಾಂಕಣ್ಣಿಯ ಮಾದರಿ ಇಲ್ಲಿ ಸ್ಪಷ್ಟ. ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದ ಹುಲ್ಲಿನ ಮಾಡಿನ ಗುಡಿಯಿಂದ ಬೆಳೆದ ಈ ಚರ್ಚು 1882ರ ಸೆಪ್ಟೆಂಬರ್ 8ರಂದು ಗಾಥಿಕ್ ಶೈಲಿಯ ಹೊಸ ಕಟ್ಟಡವಾಗಿ ಪ್ರತಿಷ್ಠೆಗೊಂಡಿತು. ಬೆಸಿಲಿಕಾ ಪದವಿ ಸಿಕ್ಕಿದ್ದು 1973ರಲ್ಲಿ. ಒಂದೇ ಧರ್ಮ, ಒಂದೇ ದಿನ, ಒಂದೇ ರಾಜ್ಯ; ಬೆಳೆ ಬೇರೆ, ನೆರೆಹೊರೆ ಬೇರೆ, ಹಬ್ಬವೂ ಬೇರೆ.

ಪಂಚಾಂಗವೇ ಹೊಂದಿಕೊಂಡ ಉದಾಹರಣೆ ಅತ್ತೂರು. ರೋಮಿನ ಧರ್ಮಸೇವಕ ಲಾರೆನ್ಸ್ ಚಕ್ರವರ್ತಿ ವಲೇರಿಯನ್ನನ ಕಾಲದಲ್ಲಿ, ಕ್ರಿ.ಶ. 258ರಲ್ಲಿ ಹುತಾತ್ಮನಾದವನು. ಚರ್ಚಿನ ಖಜಾನೆಯನ್ನು ಒಪ್ಪಿಸೆಂದಾಗ ಬಡವರನ್ನು ಕರೆತಂದು ನಿಲ್ಲಿಸಿ, ಇವರೇ ಚರ್ಚಿನ ಸಂಪತ್ತು ಎಂದನೆಂದೂ, ಕಾದ ಕಬ್ಬಿಣದ ಸರಳುಗಳ ಮೇಲೆ ಅವನನ್ನು ಸುಟ್ಟರೆಂದೂ ಪರಂಪರೆ. ಅವನ ಹಬ್ಬ ಜಗತ್ತಿನಾದ್ಯಂತ ಆಗಸ್ಟ್ 10. ಕಾರ್ಕಳದಲ್ಲಿ ಅದು ಆಟಿ ತಿಂಗಳ ಜಡಿಮಳೆಯ ನಡುವಿನ ದಿನ. ಗದ್ದೆಯಲ್ಲಿ ನೀರು, ಮನೆಯಲ್ಲಿ ಹಿಂದಿನ ವರ್ಷದ ಅಕ್ಕಿ ಮುಗಿಯುತ್ತ ಬಂದ ಹೊತ್ತು. ಜಾತ್ರೆ ನಡೆಯುವುದು ಜನವರಿಯಲ್ಲಿ. ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಇರುವ, ಗದ್ದೆ ಒಣಗಿ ದಾರಿಯೂ ಅಂಗಡಿಯ ಜಾಗವೂ ಆಗುವ ಕಾಲ ಅದು. ಅಷ್ಟೇ ಅಲ್ಲ, ಕೋಲ, ನೇಮ, ಕಂಬಳ, ಯಕ್ಷಗಾನ ಮೇಳಗಳ ತಿರುಗಾಟ ಎಲ್ಲವೂ ಮಳೆಗಾಲ ಕಳೆದು ಶುರುವಾಗಿ ಮೇ ತಿಂಗಳ ಪತ್ತನಾಜೆಗೆ ನಿಲ್ಲುತ್ತವೆ. ಅತ್ತೂರಿನ ಸಾಂತ್‌ಮಾರಿ ಆ ಹಬ್ಬದ ಕಾಲದೊಳಗೆ ತನ್ನ ಜಾಗ ಹಿಡಿದಿದೆ. ತುಳುನಾಡಿನವರಾಗುವುದೆಂದರೆ ಮೊದಲು ತುಳುನಾಡಿನ ಮಳೆಗೆ ಒಪ್ಪಿಕೊಳ್ಳುವುದು. ಸಂತ ಲಾರೆನ್ಸ್ ಹಾಗೆ ಒಪ್ಪಿಕೊಂಡ.

ಸ್ಥಳೀಯತೆಯ ಇನ್ನೊಂದು ದಾರಿ ಊರಿನಲ್ಲಿ ಓಡಾಡಿದವನೇ ಸಂತನಾಗುವುದು. ಗೋವಾದ ಜೋಸೆಫ್ ವಾಜ್ 1681ರಿಂದ 1684ರವರೆಗೆ ಕೆನರಾದಲ್ಲಿ, ಅಂದರೆ ಈ ಕರಾವಳಿಯಲ್ಲಿ, ಧರ್ಮಗುರುವಾಗಿದ್ದರು. ಪೋರ್ಚುಗೀಸ್ ಅರಸನ ಪಾದ್ರುವಾದೊ, ಅಂದರೆ ಚರ್ಚಿನ ಪೋಷಕತ್ವದ, ಹಕ್ಕಿನ ಕೆಳಗಿದ್ದ ಪಾದ್ರಿಗಳಿಗೂ, ರೋಮಿನ ಪ್ರೊಪಗಾಂಡಾ ಸಭೆ ನೇರವಾಗಿ ಕಳಿಸಿದ್ದ ಬಿಷಪ್ ಡಿ ಕ್ಯಾಸ್ಟ್ರೊ ಅವರ ಕಡೆಯವರಿಗೂ ಆಗ ಕಡುವೈರ. ವಾಜ್ ಎರಡೂ ಕಡೆಯವರನ್ನು ಹತ್ತಿರ ತರಲು ಹೆಣಗಿದರು. ಮುಂದೆ ಡಚ್ಚರ ಹಿಂಸೆಯಲ್ಲಿ ಸಿಲುಕಿದ್ದ ಸಿಂಹಳದ ಕಥೋಲಿಕರ ಸೇವೆಗೆ ಹೋಗಿ ಅಲ್ಲೇ ತೀರಿಕೊಂಡರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಮಂಗಳೂರಿನ ಹತ್ತಿರದ ಮುಡಿಪು ಗುಡ್ಡದ ಜನಕ್ಕೆ ಅವರು ಅದಕ್ಕಿಂತ ಬಹಳ ಮೊದಲೇ ಸಂತ. ಸಾಯುವ ರೋಗಿಯೊಬ್ಬನಿದ್ದಾನೆ ಎಂದು ಸುಳ್ಳು ಹೇಳಿ ರಾತ್ರಿ ಅವರನ್ನು ಕರೆಸಿ, ಗುಡ್ಡದ ಮೇಲೆ ಕೊಲ್ಲಲು ಬಂದಾಗ, ಅವರು ಕೋಲೂರಿ ಪ್ರಾರ್ಥಿಸಿದಲ್ಲಿ ಒರತೆಗಳು ಚಿಮ್ಮಿದವು ಎಂಬ ಕಥೆ ಅಲ್ಲಿದೆ. ಜನ ಆ ಒರತೆಗಳನ್ನು ನೋಡಲು, ನೀರು ತರಲು ಗುಡ್ಡ ಹತ್ತುತ್ತಾರೆ. ಬ್ರಿಟನಿಯವರಲ್ಲೂ ಇದೇ ಹಂಬಲ ಇತ್ತು. ಏಸುವಿನ ಅಜ್ಜಿಯಾದ ಸಂತ ಅನ್ನಮ್ಮ ಮೂಲತಃ ಬ್ರಿಟನಿಯವಳೇ, ಮುದಿತನದಲ್ಲಿ ಅಲ್ಲಿಗೇ ಮರಳಿದಳು ಎಂದು ಅವರು ಕಥೆ ಕಟ್ಟಿದ್ದಾರೆ. ಕೆನರಾದವರು ಅಷ್ಟು ದೂರ ಹೋಗಬೇಕಾಗಲಿಲ್ಲ. ಅವರ ಸಂತ ಈ ದಾರಿಗಳಲ್ಲಿ ನಿಜವಾಗಿಯೇ ನಡೆದಿದ್ದ.

ಅನ್ಯಧರ್ಮೀಯರ ಪಾಲ್ಗೊಳ್ಳುವಿಕೆಯಲ್ಲಿ ಎರಡು ಕರಾವಳಿಗಳು ಪೂರ್ತಿ ಬೇರೆಯಾಗುತ್ತವೆ. ಬ್ರಿಟನಿಯ ವ್ಯೂ ಮಾರ್ಶೆ ಎಂಬ ಹಳ್ಳಿಯಲ್ಲಿ, ಇತಿಹಾಸಪೂರ್ವ ಕಾಲದ ಕಲ್ಲುಗೋರಿಯೊಂದರ ಮೇಲೆಯೇ ಕಟ್ಟಿದ ಏಳು ಸಂತರ ಪ್ರಾರ್ಥನಾಲಯವಿದೆ. ಹಿಂಸೆಗೆ ಹೆದರಿ ಗುಹೆ ಸೇರಿ ಶತಮಾನಗಳ ಕಾಲ ಮಲಗಿದ್ದ ಎಫೆಸಸ್ಸಿನ ಏಳು ಯುವಕರ ಕಥೆ ಕ್ರೈಸ್ತರದ್ದೂ ಹೌದು, ಮುಸ್ಲಿಮರದ್ದೂ ಹೌದು; ಕುರಾನಿನ ಹದಿನೆಂಟನೆಯ ಅಧ್ಯಾಯ ಗುಹೆಯ ಹೆಸರಿನದೇ. ಇಸ್ಲಾಮಿನ ಮಹಾ ವಿದ್ವಾಂಸ ಲೂಯಿ ಮಾಸಿನ್ಯೊಂ 1954ರಲ್ಲಿ ಅಲ್ಲಿನ ಪಾರ್ದೊನ್‌ಗೆ ಮುಸ್ಲಿಮರನ್ನೂ ಕರೆತಂದರು. ಅಲ್ಜೀರಿಯಾದ ಯುದ್ಧ ಭುಗಿಲೇಳುತ್ತಿದ್ದ ವರ್ಷ ಅದು. ಅಂದಿನಿಂದ ಅದು ಕ್ರೈಸ್ತರೂ ಮುಸ್ಲಿಮರೂ ಸೇರುವ ಯಾತ್ರೆಯಾಗಿ ಮುಂದುವರಿದಿದೆ. ಘನವಾದ ಕೆಲಸ, ಆದರೆ ಒಬ್ಬ ವ್ಯಕ್ತಿ ಯೋಚಿಸಿ, ಪಣ ತೊಟ್ಟು ಮಾಡಿದ ಕೆಲಸ.

ತುಳುನಾಡಿನಲ್ಲಿ ಅದನ್ನು ಯಾರೂ ಶುರುಮಾಡಬೇಕಾಗಲಿಲ್ಲ. ಹಸು ಕರು ಹಾಕಲಿ, ಮಗುವಿನ ಜ್ವರ ಇಳಿಯಲಿ, ಮಗಳ ಮದುವೆ ಕೂಡಿಬರಲಿ ಎಂದು ಅತ್ತೂರಿಗೆ ಹರಕೆ ಹೊರುವ ಹಿಂದೂ ಮನೆಗಳು ಅದನ್ನು ಸೌಹಾರ್ದವೆಂದು ಕರೆದುಕೊಳ್ಳುವುದಿಲ್ಲ. ಆ ಊರು ಇರುವ ಕಾರ್ಕಳವೇ 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ ಬಾಹುಬಲಿಯ ನೆರಳಿನ ಊರು. ಉಳ್ಳಾಲದ ಸಯ್ಯಿದ್ ಮದನಿ ದರ್ಗಾದ ಐದು ವರ್ಷಕ್ಕೊಮ್ಮೆಯ ಉರೂಸಿಗೆ ಎಲ್ಲ ಧರ್ಮದವರೂ ಹೋಗುತ್ತಾರೆ. ಮಂಗಳೂರು ಬಿಕರ್ನಕಟ್ಟೆಯ ಬಾಲ ಯೇಸುವಿನ ಕ್ಷೇತ್ರದಲ್ಲಿ ಜನವರಿ 14ರ ಹಬ್ಬಕ್ಕೂ, ಜೂನ್ 13ರ ಸಂತ ಅಂತೋಣಿಯವರ ಹಬ್ಬಕ್ಕೂ ಹೀಗೆಯೇ. ಕರಾವಳಿಯ ಜನ ಕ್ಷೇತ್ರಗಳನ್ನು ಧರ್ಮದ ಪ್ರಕಾರವಲ್ಲ, ಕಾರಣಿಕದ ಪ್ರಕಾರ ವಿಂಗಡಿಸಿಕೊಂಡವರು. ಯಾವ ಸತ್ಯ ಯಾವ ಕಷ್ಟಕ್ಕೆ ಒದಗುತ್ತದೆ ಎಂಬ ತಿಳಿವಳಿಕೆ ಅಲ್ಲಿ ಅಜ್ಜಿಯಿಂದ ಮೊಮ್ಮಗಳಿಗೆ ದಾಟುತ್ತದೆ. ಸಂತ ಲಾರೆನ್ಸರ ಜಾತ್ರೆಯಲ್ಲಿ ಈ ನೆಲದ್ದೆಂದು ಬೆರಳಿಟ್ಟು ತೋರಿಸಬಹುದಾದ ಅಂಶ ಇದ್ದರೆ ಅದು ಇದು. ಕಳೆದ ಕೆಲವು ದಶಕಗಳಲ್ಲಿ ಕರಾವಳಿಯಲ್ಲಿ ಧರ್ಮದ ಹೆಸರಿನ ಬಿರುಕುಗಳು ಅಗಲವಾಗಿವೆ, ಜಾತ್ರೆಯಲ್ಲಿ ಯಾರು ಅಂಗಡಿ ಇಡಬೇಕು ಎಂಬುದೂ ಜಗಳವಾಗಿದೆ. ಹಾಗಾಗಿಯೇ ಅತ್ತೂರಿನಂಥ ಜಾತ್ರೆಗಳ ಬೆಲೆ ಹೆಚ್ಚಿದೆ, ಅವುಗಳ ಮೇಲಿನ ಭಾರವೂ ಹೆಚ್ಚಿದೆ.

ಇಂಥ ಜನಭಕ್ತಿಯ ಬಗ್ಗೆ ಚರ್ಚಿನ ಅಧಿಕಾರಿಗಳ ಧೋರಣೆ ಎರಡೂ ಕಡೆ ಒಂದೇ ಹಾದಿ ಹಿಡಿದಿದೆ: ಜನರ ಭಕ್ತಿ ಮೊದಲು, ಮನ್ನಣೆ ಆಮೇಲೆ. ನಿಕೊಲಾಜಿಕ್ ಕಂಡದ್ದನ್ನು ಅವನ ಊರಿನ ಪಾದ್ರಿ ನಂಬಿರಲಿಲ್ಲ. ವಿಚಾರಣೆಯ ನಂತರ ಬಿಷಪ್ ಒಪ್ಪಿದರು. 1996ರ ಸೆಪ್ಟೆಂಬರಿನಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಸಂತ ಅನ್ನಮ್ಮನ ಆ ಕ್ಷೇತ್ರಕ್ಕೆ ಯಾತ್ರೆ ಬಂದರು. ಅತ್ತೂರಿನ ಚರ್ಚು 1839ರಲ್ಲಿ, ಮತ್ತೆ ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ ಹೊಸದಾಗಿ ಎದ್ದಿತು. 2012ರಲ್ಲಿ ಮಂಗಳೂರಿನಿಂದ ಬೇರ್ಪಟ್ಟ ಉಡುಪಿ ಧರ್ಮಪ್ರಾಂತಕ್ಕೆ ಅದು ಸೇರಿತು. ಕಲ್ಯಾಣಪುರದ ಮಿಲಾಗ್ರಿಸ್ ಆ ಧರ್ಮಪ್ರಾಂತದ ಪ್ರಧಾನ ಚರ್ಚಾಯಿತು. 2016ರಲ್ಲಿ ರೋಮ್ ಅತ್ತೂರಿಗೆ ಮೈನರ್ ಬೆಸಿಲಿಕಾ ಪದವಿ ನೀಡಿತು. ಜನ ಮೊದಲೇ ಒಪ್ಪಿಕೊಂಡಿದ್ದನ್ನು ಪದವಿ ಆಮೇಲೆ ದಾಖಲಿಸಿತು.

ಅಧಿಕಾರದ ಪ್ರಶ್ನೆ ಸದಾ ಹೀಗೆ ಸುಖವಾಗಿ ಮುಗಿಯಲಿಲ್ಲ. ಪಾದ್ರುವಾದೊ ವ್ಯವಸ್ಥೆಯನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೆನರಾದಿಂದ ತೆಗೆದಾಗ, ಕಲ್ಯಾಣಪುರ, ಬ್ರಹ್ಮಾವರ ಕಡೆಯ ಹಲವು ಕುಟುಂಬಗಳು ಒಪ್ಪಲಿಲ್ಲ. ಗೋವಾದ ಪಾದ್ರಿ ಆಲ್ವಾರಿಸ್ 1889ರಲ್ಲಿ ಮಲಂಕರ ಆರ್ಥೊಡಾಕ್ಸ್ ಸಭೆಯಿಂದ ಮಾರ್ ಜೂಲಿಯಸ್ ಎಂಬ ಹೆಸರಿನಲ್ಲಿ ಬಿಷಪ್ ಪದವಿ ಪಡೆದರು. ಅವರ ಹಿಂದೆ ಹೋದವರ ಸಂತತಿ ಇಂದಿಗೂ ಬ್ರಹ್ಮಾವರದಲ್ಲಿ ಪ್ರತ್ಯೇಕ ಸಭೆಯಾಗಿದೆ. ಆ ಸಭೆಯ ಧರ್ಮಗುರು, 1936ರಲ್ಲಿ ತೀರಿಕೊಂಡ ರೊಕ್ ಜೆಫ್ರಿನ್ ನೊರೊನ್ಹಾ ಅವರ ಸಮಾಧಿ ಬ್ರಹ್ಮಾವರದ ಜನ ನಡೆದುಕೊಳ್ಳುವ ಜಾಗವಾಗಿದೆ. ಬಿಷಪ್ಪರ ವ್ಯಾಜ್ಯಗಳು ಮುಗಿದ ಮೇಲೂ ಜನರ ನೆನಪಿನಲ್ಲಿ ಉಳಿದದ್ದು ಬಡವರ ಮಧ್ಯೆ ಬದುಕಿದ ಪಾದ್ರಿ.

ಕೊನೆಯದಾಗಿ ಭಾಷೆ. ಬ್ರೆಟನ್ ನುಡಿ ಸೆಲ್ಟಿಕ್ ಕುಲದ್ದು, ಫ್ರೆಂಚಿನ ಕುಲದ್ದಲ್ಲ. ಶಾಲೆಯಲ್ಲಿ ಆ ನುಡಿ ಆಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿದ್ದ ಕಾಲದಲ್ಲಿ ಅದಕ್ಕೆ ಆಸರೆಯಾಗಿ ನಿಂತದ್ದು ಪಾರ್ದೊನ್‌ನ ಹಾಡುಗಳು ಮತ್ತು ಉಪದೇಶ. 1902ರಲ್ಲಿ ಎಮಿಲ್ ಕೊಂಬ್‌ನ ಸರ್ಕಾರ ಚರ್ಚಿನ ಉಪದೇಶಕ್ಕೂ ಅದನ್ನು ಬಳಸಬಾರದೆಂದು ಆಜ್ಞೆ ಹೊರಡಿಸಿತು. ಹಬ್ಬಗಳು ಉಳಿದವು, ನುಡಿ ಸೊರಗಿತು. ಈಗ ಎಷ್ಟೋ ಪಾರ್ದೊನ್‌ಗಳಲ್ಲಿ ಜನ ಬ್ರೆಟನ್ ಹಾಡುಗಳನ್ನು ಅರ್ಥ ತಿಳಿಯದೆ ಕಾಗದ ನೋಡಿಕೊಂಡು ಹಾಡುತ್ತಾರೆ. ಕೆನರಾದಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯವರೆಗೆ ಬಲಿಪೂಜೆ ಲ್ಯಾಟಿನ್ನಿನಲ್ಲಿತ್ತು. ಮನೆಯ ಜಪ, ಹಾಡು, ಉಪದೇಶ ಕೊಂಕಣಿಯಲ್ಲಿದ್ದವು. ಆ ಕೊಂಕಣಿಯನ್ನು ಇಲ್ಲಿನವರು ಬರೆದದ್ದು ಕನ್ನಡ ಲಿಪಿಯಲ್ಲಿ. 1912ರ ‘ಕೊಂಕಣಿ ದಿರ್ವೆಂ’ ಪತ್ರಿಕೆಯಿಂದ 1938ರಲ್ಲಿ ಶುರುವಾದ ‘ರಾಕ್ಣೊ’ ವಾರಪತ್ರಿಕೆಯವರೆಗೆ, ಅಲ್ಲಿಂದ ಇಂದಿನ ಚರ್ಚಿನ ಹಾಡಿನ ಪುಸ್ತಕಗಳವರೆಗೆ ಅದೇ ಲಿಪಿ. ಹೊಸ ತಲೆಮಾರು ಇಂಗ್ಲಿಷ್ ಶಾಲೆಗೆ ಹೋಗಿ ಕನ್ನಡ ಅಕ್ಷರಗಳಿಂದ ದೂರ ಸರಿದಂತೆ, ಕೊಂಕಣಿ ಪ್ರಾರ್ಥನೆಯನ್ನು ಓದುವ ಶಕ್ತಿಯೂ ಅದರ ಜೊತೆಗೇ ಕುಗ್ಗುತ್ತದೆ. ಅತ್ತೂರಿನ ಜಾತ್ರೆಯ ದಿನಗಳಲ್ಲಿ ಕೊಂಕಣಿಯ ಜೊತೆಗೆ ಕನ್ನಡದಲ್ಲೂ ಬಲಿಪೂಜೆಗಳು ನಡೆಯುತ್ತವೆ, ಹೊರಗಿನ ಅಂಗಡಿಗಳಲ್ಲಿ ಚೌಕಾಸಿ ತುಳುವಿನಲ್ಲಿ.